ಇದ್ದುದರಲ್ಲೇ ಸಿನಿಮಾ
ಗಿಟಾರ್ ಹಿಡಿದು ಕೆಲಸ ಹುಡುಕುತ್ತಾ ಬಂದ ಹಾಡುಗಾರನನ್ನು ಕೊಲೆಗಾರನೆಂದು ತಿಳಿದು ರೌಡಿಗಳು ಬೆನ್ನಟ್ಟುತ್ತಾರೆ. 1992ರ ಸ್ಪ್ಯಾನಿಷ್ ಚಿತ್ರ ‘ಎಲ್ ಮರಿಯಾಚಿ’ಯ ಕಥೆಯಿದು. ನಗುತ್ತಲೇ ಉಸಿರು ಬಿಗಿಹಿಡಿದು ನೋಡಿದೆ.

ನನ್ನನ್ನು ಹೆಚ್ಚು ಕಾಡಿದ್ದು ಅದು ತಯಾರಾದ ಬಗೆ. ಖರ್ಚು ಸುಮಾರು 7,000 ಡಾಲರ್. ಅದರಲ್ಲಿ ಒಂದಿಷ್ಟನ್ನು ನಿರ್ದೇಶಕ ರಾಬರ್ಟ್ ರೋಡ್ರಿಗಸ್ ಔಷಧ ಪ್ರಯೋಗಕ್ಕೆ ತನ್ನ ದೇಹವನ್ನೇ ಒಡ್ಡಿ ಗಳಿಸಿದ್ದ. ಮೆಕ್ಸಿಕೊದ ಗಡಿ ಊರಿನಲ್ಲಿ ಸಿಗುತ್ತಿದ್ದ ಬಸ್ಸು, ನಾಯಿ, ಆಮೆಗಳನ್ನೇ ನೆಚ್ಚಿಕೊಂಡು ಕಥೆ ಹೆಣೆದ. ಟ್ರಾಲಿ ಬದಲು ಗಾಲಿಕುರ್ಚಿ ಬಳಸಿದ. ತುಟಿಗೂ ದನಿಗೂ ಹೊಂದದ ಕಡೆಯೆಲ್ಲ ದೃಶ್ಯ ಕತ್ತರಿಸಿದ. ಆ ಕತ್ತರಿಯೇ ಚಿತ್ರಕ್ಕೆ ವೇಗ ತಂದಿತು!

ಪದವಿ ಮುಗಿಸಿದ ನಮ್ಮ ಗೆಳೆಯರ ಬಳಗಕ್ಕೂ ಒಂದು ಕಿರುಚಿತ್ರದ ಆಸೆ. ಇರುವುದು ಒಂದು ಮೊಬೈಲ್, ನಾಲ್ಕು ಭಾನುವಾರ. ಆಮೇಲೆ ಕೆಲಸ ಹುಡುಕಿ ಒಬ್ಬೊಬ್ಬರು ಒಂದೊಂದು ಊರಿಗೆ. ಹಾಗಾಗಿ ಇಲ್ಲದ್ದರ ಪಟ್ಟಿ ಬಿಟ್ಟು, ಇರುವುದರ ಪಟ್ಟಿ ಬರೆಯಲು ಕೂತಿದ್ದೇವೆ.