ಫೈಲ್ ಹಗುರಾಯ್ತು, ಕಾಲುವೆ ಕಾಣೆಯಾಯ್ತು!

‘ನಾಟ್ ರೆಸ್ಪಾಂಡಿಂಗ್’. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ವಿಜಯನಗರದ ಪುಟ್ಟ ಡಿಸೈನ್ ಕಚೇರಿಗೆ ಟ್ರೇನಿಯಾಗಿ ಸೇರಿದ ಮೊದಲ ವಾರ ನಾನು ಅತಿ ಹೆಚ್ಚು ಓದಿದ್ದು ಇದನ್ನೇ.

ಕೆಂಗೇರಿ ಬಳಿ ವೃಷಭಾವತಿ ಕಣಿವೆಗೆ ಇಳಿಯುವ 25 ಹೆಕ್ಟೇರ್ ಜಾಗದ ಡ್ರೋನ್ ಸರ್ವೆ ನನ್ನ ಪಾಲಿಗೆ ಬಂದಿತ್ತು. 10 ಸೆಂಟಿಮೀಟರಿಗೊಂದು ಪಾಯಿಂಟ್ ಎಂದರೆ ಹೆಕ್ಟೇರಿಗೆ 10 ಲಕ್ಷ, ಒಟ್ಟು ಎರಡೂವರೆ ಕೋಟಿ! ಸಿವಿಲ್ 3ಡಿ ಸಾಫ್ಟ್‌ವೇರ್ ಇವನ್ನೆಲ್ಲ ತ್ರಿಕೋನಗಳಾಗಿ ಹೆಣೆದು ನೆಲದ ಸರ್ಫೇಸ್ ಕಟ್ಟುತ್ತದೆ. ನನ್ನ ಹಳೇ ಸಿಸ್ಟಂಗೆ ಅಷ್ಟು ತಾಕತ್ತೆಲ್ಲಿ?

ಉಪಾಯ ಹೊಳೆಯಿತು. 5 ಮೀಟರಿಗೊಂದು ಪಾಯಿಂಟ್ ಉಳಿಸಿ ಮಿಕ್ಕಿದ್ದೆಲ್ಲ ತೆಗೆದೆ. ಉಳಿದದ್ದು 10 ಸಾವಿರ. ಫೈಲ್ ಸರಸರ ಓಡಿತು. ಬೀಗುತ್ತಾ ಸೀನಿಯರ್‌ಗೆ ತೋರಿಸಿದೆ.

ಅವರು ಒಂದು ಕ್ರಾಸ್ ಸೆಕ್ಷನ್ ತೆಗೆಸಿ, “ಇಲ್ಲೊಂದು ಕಾಲುವೆ ಇತ್ತಲ್ಲಮ್ಮ, ಎಲ್ಲಿ ಹೋಯ್ತು?” ಎಂದರು. 2 ಮೀಟರ್ ಅಗಲದ ಕಾಲುವೆ ನನ್ನ ಪಾಯಿಂಟ್‌ಗಳ ನಡುವೆ ಮಾಯವಾಗಿತ್ತು. ತ್ರಿಕೋನಗಳು ದಡದಿಂದ ದಡಕ್ಕೆ ಮುಚ್ಚಳ ಹಾಕಿಬಿಟ್ಟಿದ್ದವು. “ಇದನ್ನೇ ನಂಬಿ ರಸ್ತೆ ಮಾಡಿದ್ರೆ ಮಳೆನೀರು ಯಾರ ಮನೆಗೆ ನುಗ್ಬೇಕು?” ನಾನು ತಲೆ ತಗ್ಗಿಸಿದೆ. ವೃಷಭಾವತಿಗಿಳಿದು, ಅರ್ಕಾವತಿ ಸೇರಿ ಕಾವೇರಿಗೆ ಹೋಗಬೇಕಾದ ನೀರಿನ ದಾರಿಯನ್ನೇ ನಾನು ಅಳಿಸಿದ್ದೆ.

ಮರುದಿನ ಅವರೇ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಮೊದಲು ಬೇಕಾದ ಜಾಗಕ್ಕೆ ‘ಡೇಟಾ ಕ್ಲಿಪ್’ ಗಡಿ ಹಾಕಿ, ಆಮೇಲೆ ಪಾಯಿಂಟ್ ಸೇರಿಸಬೇಕು. ಈ ಕ್ರಮ ತಪ್ಪಿದರೆ ಗಡಿ ಕೆಲಸ ಮಾಡದು. ಕಾಲುವೆಯ ದಡ, ತಳ, ರಸ್ತೆಯ ಅಂಚುಗಳಿಗೆ ‘ಬ್ರೇಕ್‌ಲೈನ್’ ಎಳೆಯಬೇಕು. ಆಗ ತ್ರಿಕೋನಗಳು ಅವುಗಳನ್ನು ದಾಟುವುದಿಲ್ಲ. ಪಾಯಿಂಟ್ ಕಡಿಮೆ ಮಾಡುವುದು ಸಮತಟ್ಟು ನೆಲದಲ್ಲಿ ಮಾತ್ರ. ಸರ್ಫೇಸ್ ಒಂದು ಡ್ರಾಯಿಂಗ್‌ನಲ್ಲಿರಲಿ. ಡಿಸೈನ್ ಫೈಲ್‌ಗೆ ಅದನ್ನು ‘ಡೇಟಾ ಶಾರ್ಟ್‌ಕಟ್’ ಮೂಲಕ ಕರೆಸಿಕೊಂಡರೆ ಸಾಕು. ಕೆಲಸ ಮಾಡುವಾಗ ತ್ರಿಕೋನಗಳ ಬದಲು ಗಡಿಯಷ್ಟೇ ಕಾಣುವಂತೆ ಸ್ಟೈಲ್ ಇಟ್ಟರೆ ಸ್ಕ್ರೀನ್ ಕೂಡ ತಡವರಿಸದು.

ಎಲ್ಲ ಮುಗಿದ ಮೇಲೆ, ಮೂಲ ಸರ್ವೆಯ ಮೇಲೆ ನಾಲ್ಕಾರು ಕಡೆ ಕ್ರಾಸ್ ಸೆಕ್ಷನ್ ಇಟ್ಟು ಹೋಲಿಸಲು ಹೇಳಿದರು. ಈ ಸಲ ಕಾಲುವೆ ಇತ್ತು. ಫೈಲೂ ಓಡುತ್ತಿತ್ತು.

ಇಂಟರ್‌ವ್ಯೂನಲ್ಲಿ ‘ಸಾಫ್ಟ್‌ವೇರ್ ಬರುತ್ತಾ?’ ಎಂದು ಕೇಳಿದಾಗ ನಾನು ಎದೆ ತಟ್ಟಿ ‘ಬರುತ್ತೆ ಸರ್’ ಎಂದಿದ್ದೆ. ಬರುತ್ತಿದ್ದುದು ಕಮಾಂಡ್‌ಗಳು ಮಾತ್ರ. ಕೆಲಸ ಹುಡುಕುತ್ತಿರುವ ಗೆಳೆಯರೇ, ಡ್ರಾಯಿಂಗ್ ತೆರೆಯುವ ಮುನ್ನ ಒಮ್ಮೆ ಆ ಜಾಗದಲ್ಲಿ ನಡೆದಾಡಿ ಬನ್ನಿ. ಯಾವ ಪಾಯಿಂಟ್ ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂಬುದು ಅಲ್ಲೇ ಗೊತ್ತಾಗುತ್ತದೆ.