ಗೆಲುವಿನ ಬರಗಾಲ: ಶಾಪವೋ, ಸ್ವಯಂಕೃತಾಪರಾಧವೋ?

ಸೋಲು ಒಮ್ಮೆ ಬಂದರೆ ಮನುಷ್ಯನು ಅದರ ಕಾರಣವನ್ನು ವಿಚಾರಿಸುತ್ತಾನೆ. ಮತ್ತೆ ಮತ್ತೆ ಬಂದರೆ ವಿಚಾರವನ್ನು ಬಿಟ್ಟು ವಿಧಿಯನ್ನು ಹಳಿಯುತ್ತಾನೆ. ಈ ಮಾತಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಬೇಸ್‌ಬಾಲ್ ಕ್ರೀಡೆಯ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಬೇಸ್‌ಬಾಲ್ ಕೂಡ ಕ್ರಿಕೆಟ್ಟಿನಂತೆ ದಾಂಡು ಚೆಂಡುಗಳ ಆಟ. ಅಲ್ಲಿಯ ವೃತ್ತಿಪರ ತಂಡಗಳು ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂಬ ಎರಡು ಕೂಟಗಳಲ್ಲಿ ಆಡುತ್ತವೆ. ಈ ಎರಡು ಕೂಟಗಳ ವಿಜೇತರು ಕೊನೆಯಲ್ಲಿ ಎದುರಾಗುವ ಸರಣಿಯೇ ‘ವರ್ಲ್ಡ್ ಸೀರೀಸ್’. ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದ ತಂಡಕ್ಕೆ ಪ್ರಶಸ್ತಿ. 1903ರಲ್ಲಿ ಆರಂಭವಾದ ಈ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವು 1923ರಿಂದ 2009ರವರೆಗೆ 27 ಬಾರಿ ಜಯಶಾಲಿಯಾಯಿತು. ಆದರೆ ಷಿಕಾಗೋ ಕಬ್ಸ್ ತಂಡವು 1908ರಲ್ಲಿ ಗೆದ್ದ ಮೇಲೆ ಮರಳಿ ಗೆದ್ದುದು 2016ರಲ್ಲಿ. ಜಪಮಾಲೆಯ ಮಣಿಗಳಷ್ಟೇ, ಅಂದರೆ 108 ವರ್ಷಗಳ ನಿರೀಕ್ಷೆ!

ಇದಕ್ಕೆ ಜನರು ಕಂಡುಕೊಂಡ ಕಾರಣವು ವಿನೋದಕರವಾಗಿದೆ. 1945ರಲ್ಲಿ ಮೇಕೆಯೊಡನೆ ಆಟ ನೋಡಲು ಬಂದ ಅಭಿಮಾನಿಯೊಬ್ಬನನ್ನು ಹೊರಗೆ ಕಳುಹಿಸಲಾಯಿತೆಂದೂ ಅವನು ಕೊಟ್ಟ ಶಾಪವೇ ಸೋಲಿಗೆ ಮೂಲವೆಂದೂ ಕಥೆ ಹಬ್ಬಿತು. ಆದರೆ ಆ ವೇಳೆಗಾಗಲೇ ಆ ತಂಡವು ಪ್ರಶಸ್ತಿಯಿಲ್ಲದೆ 37 ವರ್ಷಗಳನ್ನು ಕಳೆದಿತ್ತು! ಕಾರ್ಯವು ಕಾರಣಕ್ಕಿಂತ ಮೊದಲೇ ಹುಟ್ಟುವುದನ್ನು ಯಾವ ತರ್ಕಶಾಸ್ತ್ರವೂ ಒಪ್ಪದು.

ಬಾಸ್ಟನ್ ರೆಡ್ ಸಾಕ್ಸ್ ತಂಡದ ಕಥೆಯು ಇನ್ನೂ ಬೋಧಪ್ರದವಾದುದು. 1918ರೊಳಗೆ ಐದು ಬಾರಿ ಗೆದ್ದಿದ್ದ ಈ ತಂಡದ ಒಡೆಯರು ಮರುವರ್ಷದ ಕೊನೆಯಲ್ಲಿ ಅಪ್ರತಿಮ ಆಟಗಾರ ಬೇಬ್ ರೂತನನ್ನು ಹಣಕ್ಕಾಗಿ ಯಾಂಕೀಸರಿಗೆ ಮಾರಿದರು. 1918ರ ಗೆಲುವಿನ ಬಳಿಕ 86 ವರ್ಷ ಬಾಸ್ಟನ್ನಿಗೆ ಪ್ರಶಸ್ತಿ ದಕ್ಕಲಿಲ್ಲ. 1946, 1967, 1975, 1986 ಈ ನಾಲ್ಕು ಸರಣಿಗಳನ್ನೂ ಅದು ಏಳನೆಯ ಪಂದ್ಯದಲ್ಲಿಯೇ ಕಳೆದುಕೊಂಡಿತು. ಇದನ್ನು ರೂತನ ಶಾಪವೆಂದು ಕರೆದವರುಂಟು.

ಶಾಪಕ್ಕಿಂತ ಘೋರವಾದ ಪ್ರಮಾದವೊಂದು ಅಲ್ಲಿತ್ತು. ವರ್ಣಭೇದದ ಆ ಕಾಲದಲ್ಲಿ ದೊಡ್ಡ ಲೀಗುಗಳು ಕಪ್ಪು ಜನಾಂಗದವರಿಗೆ ಮುಚ್ಚಿದ್ದವು. 1945ರಲ್ಲಿ ಜಾಕಿ ರಾಬಿನ್‌ಸನ್ ಎಂಬ ತರುಣನ ಆಟವನ್ನು ಪರೀಕ್ಷಿಸಿಯೂ ಬಾಸ್ಟನ್ ಅವನನ್ನು ಸ್ವೀಕರಿಸಲಿಲ್ಲ. 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಆಡಿ ಅವನು ಆ ನಿರ್ಬಂಧವನ್ನು ಮುರಿದನು. 1955ರಲ್ಲಿ ಬ್ರೂಕ್ಲಿನ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಾಗ ರಾಬಿನ್‌ಸನ್ ಆ ತಂಡದಲ್ಲಿದ್ದನು. ಬಾಸ್ಟನ್ ಮಾತ್ರ 1959ರವರೆಗೂ ಬಾಗಿಲು ತೆರೆಯಲಿಲ್ಲ. ಅಂದಿನ 16 ತಂಡಗಳಲ್ಲಿ ಕಟ್ಟಕಡೆಯದು ಅದೇ.

ಅದೃಷ್ಟಕ್ಕೆ ಪಾಲಿಲ್ಲವೆಂದಲ್ಲ. 1998ರಿಂದ ಇರುವ 30 ತಂಡಗಳು ಸಮಬಲದವಾದರೂ ಒಂದೊಂದಕ್ಕೆ ಸರಾಸರಿ ಮೂವತ್ತು ವರ್ಷಗಳಿಗೊಮ್ಮೆ ಜಯದ ಸರದಿ. ಕೆಲವು ತಂಡಗಳು ದೀರ್ಘಕಾಲ ಕಾಯುವುದು ಗಣಿತದ ಧರ್ಮವೇ ಹೊರತು ದೈವದ ಕೋಪವಲ್ಲ.

ಬರಗಾಲವು ಮುಗಿದುದಾದರೂ ಹೇಗೆ? ಅಂಕಿ ಅಂಶಗಳ ಅಧ್ಯಯನದಿಂದ ಆಟಗಾರರನ್ನು ಆರಿಸಿದ ಥಿಯೋ ಎಪ್‌ಸ್ಟೀನ್ ಎಂಬ ಆಡಳಿತಗಾರನ ಕಾಲದಲ್ಲಿ ಬಾಸ್ಟನ್ 2004ರಲ್ಲಿ ಗೆದ್ದಿತು. ಆ ವರ್ಷ ಅಮೆರಿಕನ್ ಲೀಗಿನ ಅಂತಿಮ ಸರಣಿಯಲ್ಲಿ ಯಾಂಕೀಸರಿಗೆ ಮೊದಲ ಮೂರು ಪಂದ್ಯಗಳನ್ನು ಸೋತು, ಉಳಿದ ನಾಲ್ಕನ್ನೂ ಗೆದ್ದು ಅದು ಮುನ್ನಡೆದಿತ್ತು. 2011ರಲ್ಲಿ ಷಿಕಾಗೋಕ್ಕೆ ಹೋದ ಆತನು ತರುಣರನ್ನು ಬೆಳೆಸಿದನು; 2016ರಲ್ಲಿ ಅಲ್ಲಿಯೂ ಜಯ ಲಭಿಸಿತು. ಅಂದು ಸೋತ ಕ್ಲೀವ್‌ಲ್ಯಾಂಡ್ ತಂಡಕ್ಕೆ 1948ರ ಬಳಿಕ 2025ರವರೆಗೂ ಪ್ರಶಸ್ತಿಯಿಲ್ಲ. ಅದಕ್ಕೂ ಇರುವ ದಾರಿ ಇದೇ.

ಬಾಸ್ಟನ್ನಿನ ಆ ಮುಚ್ಚಿದ ಬಾಗಿಲು ವಿದ್ಯಾಸಂಸ್ಥೆಗಳನ್ನು ನಡೆಸುವ, ಪೋಷಿಸುವ ನಮ್ಮೆಲ್ಲರಿಗೂ ಎಚ್ಚರಿಕೆಯಾಗಿದೆ. ಹುಟ್ಟನ್ನು ನೋಡಿ ಪ್ರತಿಭೆಯನ್ನು ಹೊರಗಟ್ಟಿದ ಸಂಸ್ಥೆಗೆ ಬೇರೆ ಶಾಪವು ಬೇಕಿಲ್ಲ. ಅರ್ಹರೆಲ್ಲರನ್ನೂ ಒಳಗೆ ಬರಮಾಡಿಕೊಂಡು ಕಾಯಕದಲ್ಲಿ ನಿಷ್ಠೆಯಿಟ್ಟರೆ ಜಯವು ತಡವಾಗಬಹುದು. ತಡವಾದಾಗ ಮೇಕೆಯನ್ನು ದೂರುವ ಪ್ರಸಂಗವಂತೂ ಬಾರದು.