ಹಾವಿನ ಕಂತೆ ಹೊತ್ತ ಕಾರು

1960ರ ದಶಕದ ಫೋರ್ಡ್ ಜಿಟಿ40 ರೇಸ್ ಕಾರಿನ ಹಿಂಬದಿ ಮುಚ್ಚಳ ಎತ್ತಿದರೆ ಎಂಜಿನ್ನಿಗಿಂತ ಮೊದಲು ಕಣ್ಣಿಗೆ ಬೀಳುವುದು ಒಂದಕ್ಕೊಂದು ಹೆಣೆದುಕೊಂಡ ಎಂಟು ಪೈಪುಗಳು. ರೇಸಿನ ಮಂದಿ ಅದನ್ನು ‘ಹಾವಿನ ಕಂತೆ’ ಎಂದೇ ಕರೆದರು. ಹೊಗೆಯನ್ನು ಬೇಗ ಆಚೆ ತಳ್ಳಬೇಕಾದ ಕಾರಿಗೆ ಇಷ್ಟೊಂದು ಸುತ್ತುಬಳಸು ಯಾಕೆ?

ಎಂಜಿನ್ನಿನ ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ವಾಲ್ವ್ ತೆರೆದಾಗಲೆಲ್ಲ ಬಡಿತ ಬಡಿತವಾಗಿ ನುಗ್ಗುತ್ತದೆ. ಆ ಒತ್ತಡದ ಅಲೆ ಬಿಸಿ ಅನಿಲದಲ್ಲಿ ಸೆಕೆಂಡಿಗೆ ಸುಮಾರು 550 ಮೀಟರ್ ವೇಗದಲ್ಲಿ ಓಡುತ್ತದೆ. ಪೈಪು ಅಗಲವಾಗುವ ಜಾಗ ಮುಟ್ಟಿದೊಡನೆ ಅಲ್ಲಿಂದ ಸೆಳೆತವೊಂದು ಹಿಂದಕ್ಕೆ ಹೊರಡುತ್ತದೆ. ಹೊಗೆಯ ವಾಲ್ವ್ ಇನ್ನೂ ಪೂರ್ತಿ ಮುಚ್ಚದೆ, ಗಾಳಿಯ ವಾಲ್ವ್ ಆಗಷ್ಟೇ ತೆರೆಯುತ್ತಿರುವ ಗಳಿಗೆಗೆ ಅದು ಬಂದು ಮುಟ್ಟಿದರೆ ಅಳಿದುಳಿದ ಹೊಗೆಯನ್ನೂ ಹೀರಿ, ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಇದಕ್ಕಿರುವ ಸಮಯ ಸೆಕೆಂಡಿನ ಸುಮಾರು 300ನೇ ಒಂದು ಪಾಲು. ಅಷ್ಟರಲ್ಲಿ ಹೋಗಿಬರಲು ಪೈಪಿನ ಉದ್ದ ಸುಮಾರು 90 ಸೆಂ.ಮೀ. ಇರಬೇಕು. 3000 ಸುತ್ತಿಗಾದರೆ ಅದರ ಎರಡರಷ್ಟು. ಎಲ್ಲ ವೇಗಕ್ಕೂ ಒಪ್ಪುವ ಪೈಪು ಇಲ್ಲವೇ ಇಲ್ಲ.

ದಪ್ಪ ಪೈಪು ಹಾಕಿದಷ್ಟೂ ಪವರ್ ಎನ್ನುವ ಮಾತನ್ನು ನಂಬಬೇಡಿ. ತೀರಾ ಅಗಲವಾದರೆ ಅನಿಲದ ವೇಗ ಕುಸಿದು, ಕಡಿಮೆ ಸುತ್ತಿನಲ್ಲಿ ಎಂಜಿನ್ ಮಂಕಾಗುತ್ತದೆ. ಅಕ್ಕಪಕ್ಕದವರ ನಿದ್ದೆಯಂತೂ ಗ್ಯಾರಂಟಿ ಕೆಡುತ್ತದೆ.

ಜಿಟಿ40ರ ತೊಡಕು ಬೇರೆ. ಅದರ 4.7 ಲೀಟರ್ ವಿ8 ಎಂಜಿನ್ನಿನಲ್ಲಿ ಸಿಲಿಂಡರುಗಳು ಉರಿಯುವ ಸರದಿ 1-5-4-2-6-3-7-8. 1ರಿಂದ 4ರವರೆಗಿನವು ಬಲಸಾಲಿನವು, ಉಳಿದವು ಎಡದವು. ಸರದಿಯಲ್ಲಿ 4ರ ಬೆನ್ನಿಗೇ 2, 7ರ ಬೆನ್ನಿಗೇ 8. ಒಂದು ಸಾಲಿನ ನಾಲ್ಕನ್ನೂ ಒಂದೇ ಪೈಪಿಗೆ ಸೇರಿಸಿದರೆ ಇವುಗಳ ನಡುವಿನ ಅಂತರ ಬರೀ ಕಾಲು ಸುತ್ತು. ಒಂದರ ಸೆಳೆತವನ್ನು ಇನ್ನೊಂದರ ಒತ್ತಡ ಕೆಡಿಸುತ್ತದೆ. ಅದಕ್ಕೇ ಸರದಿಯಲ್ಲಿ ಒಂದು ಬಿಟ್ಟು ಒಂದನ್ನು ಹೆಕ್ಕಿ, 1, 4, 6, 7ನ್ನು ಒಂದು ಗುಂಪು ಮಾಡಿದರು. 5, 2, 3, 8 ಇನ್ನೊಂದು. ಈಗ ಬಡಿತಕ್ಕೂ ಬಡಿತಕ್ಕೂ ಅರ್ಧ ಸುತ್ತಿನ ಸಮ ಅಂತರ. ಆದರೆ ಪ್ರತಿ ಗುಂಪಿನಲ್ಲೂ ಎರಡೂ ಸಾಲಿನವರಿದ್ದಾರಲ್ಲ, ಪೈಪುಗಳು ಈ ಕಡೆಯಿಂದ ಆ ಕಡೆಗೆ ದಾಟಲೇಬೇಕು. ಹಾವುಗಳು ಹುಟ್ಟಿದ್ದು ಹೀಗೆ. ಅಮೆರಿಕನ್ ವಿ8ರ ಗುಡುಗುಡು ಹೋಗಿ ಚೂಪಾದ ಸದ್ದು ಬಂತು.

2015ರಲ್ಲಿ ತಯಾರಿಕೆ ಶುರುವಾದ ಶೆಲ್ಬಿ ಜಿಟಿ350 ಕಾರಿಗೆ ಫೋರ್ಡ್, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟನ್ನೇ ಬದಲಿಸಿತು. ಅದರಲ್ಲಿ ಎಡಬಲ ಸಾಲುಗಳು ತಾವಾಗಿಯೇ ಸರದಿಯಂತೆ ಉರಿಯುವುದರಿಂದ ಪೈಪುಗಳನ್ನು ದಾಟಿಸುವ ಗೋಜಿಲ್ಲ. ಅದಕ್ಕೆ ತೆತ್ತ ಬೆಲೆ, ಎಂಜಿನ್ನಿನ ನಡುಕ.